ಮೊದಲನೇ ವಾಟಗ ಯಾವುದು

ಹಲಗೆಯ ಮೇಲೆ ಆಳದ ಕ್ರಮದಲ್ಲಿ ಸಾಲಾಗಿಟ್ಟ ಪುಟ್ಟ ಬಟ್ಟಲುಗಳಲ್ಲಿ ಕೊನೆಯ ವಾಟಗದ ಹರಳಿಗೆ ಬಿಸಿ ಸೂಜಿ ಮುಟ್ಟಿಸಿದಾಗ ಮೀಟರಿನ ಮುಳ್ಳು ಕೆಳಗಿಳಿಯಿತು. ನಾಗಲಕ್ಷ್ಮಿ ಸೂಜಿ ತೆಗೆದಿಟ್ಟು, "ಬಂದ್ ಮಾಡ್ರಿ" ಅಂದಳು.

ಸುರಪುರದ ಆಚೆ, ಗುಡ್ಡದ ಮಗ್ಗುಲಲ್ಲಿ ಆ ಬೋರು ಇಳಿಯಲು ಶುರುವಾಗಿ ಎರಡು ತಿಂಗಳಾಗಿತ್ತು. ನೀರಿಗಲ್ಲ, ಬಂಗಾರಕ್ಕೆ. ನೆಲದೊಳಗಿಂದ ದುಂಡನೆಯ ಕಲ್ಲಿನ ಕಂಬಗಳಾಗಿ ಮೇಲೆ ಬರುವ ಬಂಡೆಯಲ್ಲಿ ಬಂಗಾರ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಪೈರೈಟ್, ಹಿತ್ತಾಳೆ ಬಣ್ಣದ ಮೋಸಗಾರ. ಭೂವಿಜ್ಞಾನಿ ನಾಗಲಕ್ಷ್ಮಿ ಆ ಮೋಸಗಾರನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ಹರಳು ಸಣ್ಣದು, ಒಡಕಲು, ಮುಳ್ಳು ಏರಿತು ಅಂದರೆ ಅದು ಬಂಗಾರದ ಪಟ್ಟಿಯ ತಲೆ, ಮೈ ಕೆಳಗಿದೆ. ಪಗಡೆ ದಾಳದಂಥ ದಪ್ಪ ಚೌಕ, ಮುಳ್ಳು ಇಳಿಯಿತು ಅಂದರೆ ಅದು ಬೇರು, ಅದರ ಕೆಳಗೆ ಬರೀ ಕಲ್ಲು.

ಯಂತ್ರ ಓಡಿಸುವ ದೋರನಹಳ್ಳಿ ಭೀಮು ಬೀಡಿ ಎಸೆದ. "ಏನ್ರಿ ಮೇಡಂ, ಈಗರೆ ಮೈ ಬಿಸಿಯಾಗೇದ ಬೋರಿಗಿ. ಅಷ್ಟ್ರಾಗ ಮಣ್ಣು ಕೊಡ್ತೀರೇನು?"

"ನಾ ಏನ್ ಮಾಡ್ಲಿ ಭೀಮಣ್ಣ? ಬೇರು ಬಂದದ."

ಭೀಮು ತಿರುಗಿದ. "ಲೇ ಅತೀಕ್ಯಾ, ಸಿಮೆಂಟ್ ಕಲಸೋ. ಹೆಣಾ ಕಾಯೋರಂಗ ನಿಂತಾನ ನೋಡು."

ಯಂತ್ರದ ಆಳು ಅತೀಕ ಸಲಿಕೆ ಹಿಡಿದ. ಬೋರಿಗೆ ಸಿಮೆಂಟು ಸುರಿದರೆ ಮುಗಿಯಿತು, ಮತ್ತೆ ತೆರೆಯಲು ಬರುವುದಿಲ್ಲ. ಯಂತ್ರ ಬೇರೆ ರಾಜ್ಯಕ್ಕೆ ಹೋಗುತ್ತದೆ, ಅಲ್ಲಿ ಅಲ್ಲಿನ ಆಳುಗಳು. ಅತೀಕ ಮತ್ತೆ ಶಹಾಪುರದ ಪಂಕ್ಚರ್ ಅಂಗಡಿಯಲ್ಲಿ ಸೋದರಮಾವನ ಬೈಗುಳ ತಿನ್ನುತ್ತ ಕೂಡಬೇಕು. ಉರ್ದು ಶಾಲೆಯ ಐದನೇ ಇಯತ್ತೆ ಬಿಟ್ಟ ಮೇಲೆ ಅವನು ಮನಸ್ಸಿಟ್ಟು ಮಾಡಿದ ಕೆಲಸ ಇದೊಂದೇ. ಅವನು ನೀರು ಸುರಿದ, ಕಲಸಿದ. ಸಲಿಕೆ ತಗಡಿಗೆ ಬೇಕಂತಲೇ ಬಡಿಯುತ್ತಿತ್ತು.

ತಾಡಪತ್ರಿಯ ನೆರಳಲ್ಲಿ ನಾಗಲಕ್ಷ್ಮಿ ಮೇಲಧಿಕಾರಿಗೆ ಫೋನ್ ಹಚ್ಚಿದಳು. "ಹೌದು ಸರ್. ಮೇಲೆ ಸಣ್ಣ ಹರಳು, ತಳದಲ್ಲಿ ದಪ್ಪ ಚೌಕ..."

ಅತೀಕನ ಸಲಿಕೆ ನಿಂತಿತು. ದಪ್ಪ ಚೌಕ ಬಂದದ್ದು ಮೊದಲ ವಾರ. ಭೀಮು ಒಂದನ್ನು ಕೈಯಲ್ಲಿ ಕುಲುಕಿ "ಹನ್ನೆರಡು ಬೀಳಲಿ" ಎಂದು ಎಸೆದು ಆಡಿದ್ದ. ನಿನ್ನೆಯ ಕಲ್ಲಿನಿಂದ ಅತೀಕ ಕೆರೆದು ತೆಗೆದದ್ದು ಸಾಸಿವೆಯಂಥ ಪುಡಿ, ಉಗುರುಸಂದಿಯಲ್ಲಿ ಇನ್ನೂ ಚುಚ್ಚುತ್ತಿತ್ತು.

"ತಳದಾಗ ದಪ್ಪದು ಎಲ್ಲಿ ಬಂತ್ರಿ?" ಎಂದು ಕೂಗಿದ.

ನಾಗಲಕ್ಷ್ಮಿ ಫೋನಿಗೆ ಕೈ ಮುಚ್ಚಿದಳು. "ಏನಪ್ಪ?"

"ದಪ್ಪದು ಮ್ಯಾಲಿಂದ್ರಿ. ಮೊದಲನೇ ವಾಟಗದಾಗ ಹಾಕೀನಿ."

"ಮೊದಲನೇದ್ರಾಗ ಸಣ್ಣದದ." ಅವಳು ಹಲಗೆಯ ಎಡತುದಿ ಮುಟ್ಟಿದಳು.

"ಅದು ಕಡೀದ್ರಿ. ಮೊದಲನೇದು ಇದು." ಅತೀಕ ಬಲತುದಿಗೆ ಬಂದು ನಿಂತ.

ಹರಳು ಜೋಡಿಸುವುದು ಇನ್ನೊಬ್ಬ ಆಳು ದುರಗಪ್ಪನ ಕೆಲಸ. ಒದ್ದೆ ವಾಟಗಕ್ಕೆ ಚೀಟಿ ನಿಲ್ಲುವುದಿಲ್ಲವೆಂದು ಅವನು ಬರೀ ಸಾಲಾಗಿ ಇಡುತ್ತಿದ್ದ, ಎಡದಿಂದ. ಅವನು ತಂಗಿಯ ಮದುವೆಗೆಂದು ಹತ್ತಿಕುಣಿಗೆ ಹೋದಾಗ ವಾಟಗಗಳನ್ನೆಲ್ಲ ತೊಳೆದು, ಹೊಸದಾಗಿ ಹರಳು ತುಂಬಿ ಇಟ್ಟವನು ಅತೀಕ.

ಭೀಮು ಹಣೆ ಬಡಿದುಕೊಂಡ. "ಅಯ್ಯ ನಿನ್ನ! ಉರ್ದು ಬರಿಯೋ ಹಂಗ ಬಲದಿಂದ ಇಟ್ಟೀಯಲ್ಲೋ ಮಾರಾಯಾ!"

"ಮತ್ತ ಹೆಂಗ ಇಡ್ತಾರ? ಎಡದಿಂದ ಇಡು ಅಂತ ಯಾರರೆ ಹೇಳೀರೇನು? ದುರಗಪ್ಪ ಹೇಳ್ಯಾನಾ? ನೀ ಹೇಳೀದಿ?"

"ನೀ ಕೇಳಬೇಕಿತ್ತು" ಎಂದಳು ನಾಗಲಕ್ಷ್ಮಿ. ಅವಳ ಮುಖವೂ ಕೆಂಪಾಗಿತ್ತು.

"ನೀವು ಹೇಳಬೇಕಿತ್ತು. ಸೀದಾ ಯಾವುದು, ಉಲ್ಟಾ ಯಾವುದು ಅಂತ ನಾ ಯಾಕ ಕೇಳ್ಲಿ? ನಾ ಇಟ್ಟಿದ್ದು ನನಗ ಸೀದಾನ ಅದ!"

ಅವಳು ಕಲ್ಲಿನ ಕಂಬಗಳ ಪೆಟ್ಟಿಗೆಯತ್ತ ಹೋಗಿ, ತೀರ ಆಳದ್ದೆಂದು ಬಣ್ಣದಲ್ಲಿ ಬರೆದಿದ್ದನ್ನು ಎಳೆದು, ತಾನೇ ಚಾಕುವಿನಿಂದ ಹರಳು ಕೆರೆದಳು. ಸಣ್ಣದು, ಒಡಕಲು. ಸೂಜಿ ಕಾಯಿಸಿ ಮುಟ್ಟಿಸಿದಳು. ಮುಳ್ಳು ಏರಿತು. ಇನ್ನೊಂದು ಕೆರೆದಳು. ಅದೂ ಏರಿತು. ಮೊದಲ ವಾರದ ಪೆಟ್ಟಿಗೆಯದು ಇಳಿಯಿತು.

"ಮ್ಯಾಲೆ ಒಂದು ಪಟ್ಟೀದು ಬೇರು" ಎಂದಳು, ಯಾರಿಗೆಂದಿಲ್ಲದೆ. "ತಳದಾಗ ಇನ್ನೊಂದರ ತಲಿ."

ಮತ್ತೆ ಫೋನ್ ಹಚ್ಚಿದಳು. ತನ್ನ ಹೆಸರು ಬರುತ್ತದೆಂದು ಅತೀಕ ಹಲ್ಲು ಕಚ್ಚಿ ಕಾದ. ತಿರುಗಿ ಆಡಬೇಕಾದ ಜಗಳದ ಮಾತು ನಾಲಗೆಯ ತುದಿಯಲ್ಲಿತ್ತು. "ಸರ್, ನಾನು ಸಾಲು ತಿರುವಿ ಓದಿದ್ದೆ. ಮುಚ್ಚುವುದು ಬೇಡ, ಇನ್ನೂ ಆಳಕ್ಕೆ ಹೋಗಬೇಕು" ಎಂದಷ್ಟೇ ಹೇಳಿ ಅವಳು ಇಟ್ಟಳು. ಜಗಳದ ಮಾತು ಅತೀಕನ ಬಾಯಲ್ಲೇ ಉಳಿಯಿತು, ಅದಕ್ಕೂ ಅವನಿಗೆ ಸಿಟ್ಟು ಬಂತು.

"ಕಲಸಿದ್ದು ಇಷ್ಟೆಲ್ಲ ಏನ್ ಮಾಡ್ಲಿ?" ಭೀಮು ಸಿಮೆಂಟು ತೋರಿಸಿದ.

"ನಿನ್ನ ಬಾಯಿಗಿ ಮೆತ್ತು" ಎಂದ ಅತೀಕ.

ಭೀಮು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ ಯಂತ್ರಕ್ಕೆ ಕೀಲಿ ತಿರುವಿದ. ಅತೀಕ ಸಲಿಕೆ ಬಿಸಾಕಿ, ಕಬ್ಬಿಣದ ರಾಡಿನ ಒಂದು ತುದಿಗೆ ಹೆಗಲು ಕೊಟ್ಟ.

"ಎತ್ತೋ," ಎಂದು ಭೀಮುವಿಗೆ ಗದರಿದ, "ನಿಂತ್ಕೊಂಡು ಏನ್ ನೋಡ್ತೀ."