ಮೊಳೆಯಿಂದ ಇಳಿದ ಚಾರ್ಟು

ನಾನೊಂದು ಇಂಗ್ಲಿಷ್ ವ್ಯಾಕರಣದ ಚಾರ್ಟು. ಗದಗಿನ ಬಾಡಿಗೆ ಕೋಣೆಯೊಂದರಲ್ಲಿ, ಚಾಪೆಯ ಮೇಲೆ ಹುಟ್ಟಿದೆ. ಬಿ.ಎಡ್. ಓದುತ್ತಿದ್ದ ಮಹಾನಂದಾ ಹೂಗಾರ ನನ್ನನ್ನು ಬರೆದಳು. ಎಡಕ್ಕೆ ಟ್ರಾನ್ಸಿಟಿವ್, ಅಂದರೆ ಸಕರ್ಮಕ: ತಾಯಿ ಕಾಯಿ ಒಡೆಯುತ್ತಾಳೆ. ಬಲಕ್ಕೆ ಇನ್‌ಟ್ರಾನ್ಸಿಟಿವ್, ಅಂದರೆ ಅಕರ್ಮಕ: ಕೂಸು ಮಲಗಿದೆ, ಹಕ್ಕಿ ಹಾರುತ್ತಿದೆ. ಕ್ರಿಯಾಪದಕ್ಕೆ ‘ಏನನ್ನು?’ ಎಂದು ಕೇಳಬೇಕು. ಉತ್ತರ ಸಿಕ್ಕರೆ ಎಡಕ್ಕೆ, ಸಿಗದಿದ್ದರೆ ಬಲಕ್ಕೆ. ಚಿತ್ರದಲ್ಲಿ ಹಕ್ಕಿಗೆ ಮೂರು ಕಾಲು ಬಂದದ್ದು ಹೇಗೋ ನನಗೂ ತಿಳಿಯದು.

ಹಿಂದಿನ ವರ್ಷ ಆಕೆ, ಪರೀಕ್ಷಕರೆದುರು ಶಾಲೆಯ ಮಕ್ಕಳಿಗೆ ಮಾಡಿ ತೋರಿಸಬೇಕಾದ ಪರೀಕ್ಷಾ ಪಾಠದಲ್ಲಿ ಫೇಲಾಗಿದ್ದಳು. ಈ ಸಲವೂ ಆದರೆ ಅಣ್ಣನ ಅಂಗಡಿಯಲ್ಲಿ ಹೂ ಕಟ್ಟುತ್ತ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆದ್ದರಿಂದ ಎಲ್ಲರೂ ಮಾಡುವುದನ್ನೇ ಮಾಡಿದಳು: ಅದೇ ಪಾಠವನ್ನು ಎಂಟನೆಯ ತರಗತಿಗೆ ಮೂರು ದಿನ ಮೊದಲೇ ಗಿಳಿಪಾಠ ಮಾಡಿಸಿದಳು. ಯಾವ ಪ್ರಶ್ನೆಗೆ ಯಾರು ಏಳಬೇಕು, ಏನೆನ್ನಬೇಕು, ಎಲ್ಲ ಗೊತ್ತು.

ಪರೀಕ್ಷಕ ಕಟಗೇರಿ ಸರ್ ಹಿಂದಿನ ಬೆಂಚಿನಿಂದ ಎದ್ದು ಬಂದರು. “ಮೊದಲನೇದ್ದು ನಾನ ಕೇಳ್ತೀನ್ರಿ” ಎಂದು ಮಲಗಿದ ಕೂಸಿನ ಮೇಲೆ ಕೋಲಿಟ್ಟರು. “ಸ್ಲೀಪ್ಸ್. ಏನನ್ನು?”

ಗಿಳಿಪಾಠದಲ್ಲಿ ಮೊದಲ ಪ್ರಶ್ನೆ ಕಾಯಿ ಒಡೆಯುವ ತಾಯಿಯದು; ಅದರ ಉತ್ತರ ಶಾಹೀನ್ ಎಂಬ ಹುಡುಗಿಯ ಪಾಲಿನದು. ಎದ್ದಳು. “ಕಾಯಿ, ಸರ್.”

“ಕೂಸು ಕಾಯಿ ಮಲಗ್ತೈತೇನವಾ?”

“ಹೌದ್ರಿ. ಟೀಚರ್ ಹೇಳ್ಯಾರ್ರಿ.”

ತರಗತಿ ನಕ್ಕಿತು. ಮಹಾನಂದಾಳ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಆಮೇಲೆ ಆಕೆ ನನಗೆ ಬೆನ್ನು ತಿರುಗಿಸಿದಳು.

“ಶಾಹೀನ್, ಮುಂಜಾನೆ ಏನ್ ಮಾಡ್ದಿ?”

“ರೊಟ್ಟಿ ಬಡದೆ.”

“ಏನನ್ನ ಬಡದಿ?”

“ರೊಟ್ಟೀನ.”

“ಆಮ್ಯಾಲೆ?”

“ಕುಂತೆ.”

“ಏನನ್ನ ಕುಂತಿ?”

ಹುಡುಗಿ ಯೋಚಿಸಿದಳು. “ಏನನ್ನ ಕುಂದರ್ಲಿ, ಟೀಚರ್? ಸುಮ್ನ ಕುಂತೆ.”

“ಕೂಸೂ ಹಂಗ ಸುಮ್ನ ಮಲಗೈತಿ.”

ಗಂಟೆ ಹೊಡೆಯುವವರೆಗೆ ಇಡೀ ತರಗತಿ ಮನೆಯ ಕೆಲಸಗಳನ್ನೆಲ್ಲ ಇಂಗ್ಲಿಷಿನಲ್ಲಿ ಎಡಕ್ಕೂ ಬಲಕ್ಕೂ ಹಂಚಿತು. ನನ್ನತ್ತ ಯಾರೂ ನೋಡಲಿಲ್ಲ. ಆಕೆ ಪಾಸಾದಳು; ಖುಷಿಯಲ್ಲಿ ನನ್ನನ್ನು ಮೊಳೆಯಲ್ಲೇ ಬಿಟ್ಟು ಹೋದಳು.

ಆಮೇಲೆ ನಾನು ಬಿ.ಎಡ್. ಕಾಲೇಜಿನ ಪಾಲಾದೆ. ಪರೀಕ್ಷಾ ಪಾಠಕ್ಕೆಂದು ವರ್ಷಕ್ಕೊಬ್ಬರು ಆಕೆಯ ಹೆಸರಿನ ಮೇಲೆ ತಮ್ಮ ಹೆಸರಿನ ಚೀಟಿ ಅಂಟಿಸಿದರು. ಹನ್ನೊಂದು ಚೀಟಿ. ವರ್ಷದಲ್ಲಿ ಒಂದು ತಾಸು ಗೋಡೆ, ಉಳಿದಂತೆ ಬೀರುವಿನ ನೆತ್ತಿ.

ಹೋದ ವರ್ಷ ಪರೀಕ್ಷಕಿಯಾಗಿ ಬಂದವಳು ಮಹಾನಂದಾ. ಕನ್ನಡಕ ಬಂದಿತ್ತು. ಪ್ರಶ್ನೆ ಕೇಳುವ ಮೊದಲೇ ಮಕ್ಕಳು ಉತ್ತರಿಸುತ್ತಿದ್ದರು. ಆಕೆ ಎದ್ದು ಬಂದು ಹಕ್ಕಿಯ ಮೂರನೆಯ ಕಾಲಿನ ಮೇಲೆ ಬೆರಳಿಟ್ಟಳು.

“ಈ ಚಾರ್ಟ್ ಇಳಸ್ರಿ,” ಎಂದಳು ಪಾಠ ಮಾಡುತ್ತಿದ್ದವನಿಗೆ. “ಈಗ ಪಾಠ ಮಾಡ್ರಿ.”

ಬಾಗಿಲ ಹಿಂದೆ, ಗೋಡೆಗೆ ಮುಖ ಹಾಕಿ, ಕೇಳಿಸಿಕೊಂಡೆ. ಪಾಠ ಚೆನ್ನಾಗಿಯೇ ಆಯಿತು.

ಹೋಗುವ ಮುಂಚೆ ಆಕೆ ನನ್ನನ್ನು ತಾನೇ ಸುತ್ತಿ ದಾರ ಕಟ್ಟಿದಳು. ಹೂ ಕಟ್ಟುವವರ ಗಂಟು ಅದು. ಬೀರುವಿನ ಮೇಲಿಂದ ನನ್ನನ್ನು ಇಳಿಸಿದವರು ಗಂಟಿಗೆ ಒಂದೆರಡು ಸಲ ಉಗುರು ಹಾಕಿ ನೋಡಿ, ಬಿಚ್ಚಲಾಗದೆ, ಮತ್ತೆ ಮೇಲೇ ಇಡುತ್ತಾರೆ.