ಬೆರಳಿಗೆ ಸಿಗದ ಹಣ್ಣುಗಳು

ಉಪ್ಪು ಕಾಗದದಿಂದ ಮರ ಉಜ್ಜುವಾಗ ಏಳುವ ಬಿಸಿ ಪುಡಿಯ ವಾಸನೆಯೆಂದರೆ ಶಿಶುವಿಹಾರದ ಟೀಚರಿಗೆ ಚಿಕ್ಕಂದಿನ ಅಪ್ಪನ ವಾಸನೆ. ಬಡಗಿ ಅಪ್ಪ ಉಳಿಸಿಹೋದ ಆ ಒರಟು ಕಾಗದವನ್ನೇ ಅವಳು ಅಂಕಿಗಳಾಗಿ ಕತ್ತರಿಸಿ ಹಲಗೆಗಳಿಗೆ ಅಂಟಿಸಿದ್ದಳು. ಮಕ್ಕಳು ಕಣ್ಣು ಮುಚ್ಚಿ ಅಂಕಿಯ ಮೇಲೆ ಬೆರಳಾಡಿಸಬೇಕು, ಆಮೇಲೆ ಚೀಲಕ್ಕೆ ಕೈಹಾಕಿ ಅಷ್ಟೇ ಗೋಲಿ ತೆಗೆಯಬೇಕು.

ತಲೆಗೆ ಹತ್ತುವುದಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ಗುಬ್ಬಿ ಈ ಆಟಕ್ಕೆ ಒಲಿದಿದ್ದಳು. "ಟೀಚರ್, ನೀವು ಕಣ್ಣು ಬಿಟ್ರಿ. ಕಳ್ಳಾಟ," ಎಂದು ಟೀಚರನ್ನೇ ಗದರುವಳು.

ಇವತ್ತು ದೊಡ್ಡ ಶಾಲೆಯಲ್ಲಿ ಅವಳ ಸಂದರ್ಶನ. ಶಿಶುವಿಹಾರದ ವಯಸ್ಸು ಮುಗಿದಿತ್ತು. ಗುಬ್ಬಿಯ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು.

"ಸೀಟು ಸಿಗ್ಲಿಲ್ಲ ಅಂದ್ರೆ ಇವಳನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ಬೇಕು ಮೇಡಂ," ಎಂದಿದ್ದಳು.

"ನೀರು ಕುಡಿದ ಹಾಗೆ ಎಣಿಸ್ತಾಳೆ, ಸುಮ್ನಿರಮ್ಮ," ಎಂದು ಧೈರ್ಯ ಹೇಳಿ ಟೀಚರೂ ಜೊತೆಗೆ ಬಂದಿದ್ದಳು.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಮಗುವಿನ ಕಾಲು ನೆಲಕ್ಕೆ ಎಟಕುತ್ತಿಲ್ಲವೆಂದು ತಮ್ಮ ಕಾಲುಮಣೆಯನ್ನೇ ಇತ್ತ ಸರಿಸಿದರು. ಆಮೇಲೆ ಹಣ್ಣುಗಳ ಚಿತ್ರವಿದ್ದ ಹಾಳೆಯೊಂದನ್ನು ಮುಂದಿಟ್ಟರು.

"ಎಷ್ಟಿವೆ ಹೇಳು ಮರಿ."

ಗುಬ್ಬಿ ಜಾಣೆಯಂತೆ ಕಣ್ಣು ಮುಚ್ಚಿದಳು. ನುಣುಪು ಹಾಳೆಯ ಮೇಲೆ ಅಂಗೈ ಆಡಿಸಿದಳು. ಮೂಲೆ ಮೂಲೆ ತಡಕಿದಳು.

"ಏನೂ ಇಲ್ಲ."

"ಕಣ್ಣು ಬಿಟ್ಟು ನೋಡಮ್ಮ."

"ಅದು ಕಳ್ಳಾಟ."

ಟೀಚರಿಗೆ ಆಗ ಹೊಳೆಯಿತು. ಬೆರಳಿಗೆ ಕಲಿಸುವ ಹುಮ್ಮಸ್ಸಿನಲ್ಲಿ, ಕಣ್ಣಿನಿಂದ ಎಣಿಸುವುದನ್ನು ಅವಳು ಒಂದು ದಿನವೂ ಕಲಿಸಿರಲಿಲ್ಲ.

"ಗೋಲಿ ತಂದಿದ್ದೀನಿ ಮೇಡಂ. ಒಂದ್ಸಲ ಕೊಟ್ಟು ನೋಡಿ."

"ಎಲ್ಲರಿಗೂ ಒಂದೇ ಹಾಳೆ ಟೀಚರ್. ಇವಳೊಬ್ಬಳಿಗೆ ಬೇರೆ ಇಟ್ರೆ ಹೊರಗೆ ಕೂತವರಿಗೆ ನಾನೇನು ಹೇಳ್ಲಿ?" ಅವರ ದನಿ ಮೆತ್ತಗೇ ಇತ್ತು. ಮುಂದಿನ ಮಗುವನ್ನು ಕರೆದರು.

ಬಾಗಿಲ ಬಳಿ ನಿಂತಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಮೂವರೂ ಹೊರಗಿನ ಬೆಂಚಿನ ಮೇಲೆ ಕೂತರು.

"ಚೆನ್ನಾಗಿ ಹೇಳಿದ್ನಾ ಟೀಚರ್?" ಗುಬ್ಬಿ ಕೇಳಿದಳು. "ಕಣ್ಣು ಬಿಡ್ಲೇ ಇಲ್ಲ ನಾನು."

"ಹೂಂ, ಬಿಡ್ಲಿಲ್ಲ ಕಂದ," ಎಂದಳು ಟೀಚರ್. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗುಬ್ಬಿ ಚೀಲಕ್ಕೆ ಕೈಹಾಕಿ, ಕಣ್ಣು ಮುಚ್ಚಿ, ಗೋಲಿಗಳನ್ನು ಸರಿಯಾಗಿ ಎಣಿಸತೊಡಗಿದಳು.

ಅಮ್ಮ ಸುಟ್ಟ ಕಲೆಗಳಿದ್ದ ಕೈಯಿಂದ ತನ್ನ ಊಟದ ಡಬ್ಬಿ ಬಿಚ್ಚಿದಳು. ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಟೀಚರ ಕೈಗಿಟ್ಟಳು.