ಸ್ಟೇಷನ್ ಮಾಸ್ತರರ ಲ್ಯಾಟಿನ್

ಒಟ್ಮಾರ್ ಕ್ರೆಂಪೆಲ್‌ಗೆ ಲ್ಯಾಟಿನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಫ್ರೆಂಚ್ ಮಾತ್ರ ನೀರು ಕುಡಿದಷ್ಟು ಸಲೀಸು. ಮೊದಲ ಯುದ್ಧದಲ್ಲಿ ಸೆರೆ ಸಿಕ್ಕಿ, ಯಾವನೋ ಫ್ರೆಂಚ್ ರೈತನ ಹೊಲದಲ್ಲಿ ವರ್ಷಗಟ್ಟಲೆ ಗೆಡ್ಡೆ ಕೀಳುತ್ತ ಕಲಿತದ್ದು. ಎರಡನೆಯ ಯುದ್ಧವನ್ನೂ ನಾವು ಸೋತು ಫ್ರೆಂಚರ ದಂಡು ನಮ್ಮ ಊರಿಗೆ ಬಂದು ಕೂತಾಗ, ಗೋಡೆಗೆ ಅಂಟಿಸಿದ ಅವರ ಹುಕುಂಗಳನ್ನು ಓದಿಸಿಕೊಳ್ಳಲು ಬೀದಿಯವರೆಲ್ಲ ಅವನ ಹತ್ತಿರವೇ ಓಡುತ್ತಿದ್ದೆವು. ಆಗ ನೋಡಬೇಕಿತ್ತು ಅವನ ಠೀವಿ!

ನಾನು ಅವನ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಯುದ್ಧದಲ್ಲಿ ಗಂಡ ಹೋದ ಮೇಲೆ ದಂಡಿನ ಅಧಿಕಾರಿಗಳ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದೆ. ಕ್ರೆಂಪೆಲ್‌ನನ್ನು ಎದುರಿಗೆ ‘ಸ್ಟೇಷನ್ ಮಾಸ್ತರ್ರೇ’ ಎಂದೇ ಕರೆಯುತ್ತಿದ್ದೆ. ನಮ್ಮಲ್ಲಿ ಹುದ್ದೆ ಬಿಟ್ಟರೂ ಹುದ್ದೆಯ ಹೆಸರು ಬಿಡುವುದಿಲ್ಲ. ಇಲ್ಲಿ ನಾನು ಅವನನ್ನು ಮುದುಕ ಎನ್ನುತ್ತೇನೆ. ಅಷ್ಟೂ ಮರ್ಯಾದೆ ಜಾಸ್ತಿಯೇ ಆಯಿತು.

ಮುದುಕನಿಗೆ ಒಬ್ಬಳೇ ಮಗಳು, ಗೆರ್ಲಿಂಡ. ದಂಡಿನ ಜೊತೆ ಬಂದಿದ್ದ ಫಿರ್ಮೆನ್ ಎಂಬ ಸಿಪಾಯಿಯ ಮೇಲೆ ಅವಳಿಗೆ ಮನಸ್ಸಾಯಿತು. ಅವನನ್ನು ಸಮುದ್ರದಾಚೆಯ ಇನ್ನೊಂದು ಯುದ್ಧಕ್ಕೆ ಕಳಿಸಿದಾಗ ಇವಳು ಬಸುರಿ, ಅದು ಅವನಿಗೂ ಗೊತ್ತಿತ್ತು. ಆಮೇಲೆ ಅವನ ಸುದ್ದಿಯೇ ಇಲ್ಲ. ಹುಟ್ಟಿದ ಮಗುವಿಗೆ ರೋಸ್ವಿತಾ ಎಂದು ಹೆಸರಿಟ್ಟರು. ಬೀದಿಯಲ್ಲಿ ಮಾತ್ರ ಅವಳ ಹೆಸರು ‘ಫ್ರೆಂಚನ ಪಿಂಡ’. ಹಾಲಿನ ಅಂಗಡಿಯಲ್ಲೂ ಹಾಗೇ, ಚರ್ಚಿನ ಮೆಟ್ಟಿಲ ಮೇಲೂ ಹಾಗೇ, ಮಗು ಎದುರಿಗೇ ನಿಂತಿದ್ದರೂ ಹಾಗೇ. ನಮ್ಮ ಊರಿನವರ ಬಾಯಿಗಿಷ್ಟು ಬೆಂಕಿ ಹಾಕ.

ಆ ಹುಡುಗಿಗೆ ಇದ್ದದ್ದು ಒಂದೇ ಆಸೆ. ಅಪ್ಪ ಒಂದು ದಿನ ಬರುತ್ತಾನೆ, ಬಂದಾಗ ಅವನ ಹತ್ತಿರ ಮಾತಾಡಬೇಕು. ಏನು ಮಾತಾಡುತ್ತೀ ಎಂದು ಕೇಳಿದ್ದೆ ಒಮ್ಮೆ.

“ನಾನು ಹುಟ್ಟಿದೀನಿ ಅಂತ ನಿಂಗೆ ಗೊತ್ತಿತ್ತಾ ಅಂತ ಕೇಳ್ತೀನಿ ಅತ್ತೆ. ಮೊದ್ಲು ಅಷ್ಟೇ. ಆಮೇಲಿಂದು ಆಮೇಲೆ.”

ಹತ್ತು ವರ್ಷವಾದಾಗ ಅವಳು ದೊಡ್ಡ ಶಾಲೆಯ ಪರೀಕ್ಷೆಯಲ್ಲಿ ಪಾಸಾದಳು. ಅಲ್ಲಿ ಸೇರುವ ದಿನವೇ ಮೊದಲ ಪರಭಾಷೆ ಯಾವುದೆಂದು ಹೇಳಿಬಿಡಬೇಕು, ಲ್ಯಾಟಿನ್ನೋ ಫ್ರೆಂಚೋ. ಲ್ಯಾಟಿನ್ ಎಂದವರು ಡಾಕ್ಟರು, ವಕೀಲರು, ಔಷಧದಂಗಡಿಯವರ ಮಕ್ಕಳ ಪಕ್ಕ ಕೂರುತ್ತಾರೆ. ಫ್ರೆಂಚ್ ಎಂದವರದು ಪಕ್ಕದ ಕೋಣೆ, ಗುಮಾಸ್ತರ ಮಕ್ಕಳು, ದ್ರಾಕ್ಷಿ ಬೆಳೆಯುವವರ ಮಕ್ಕಳು. ಗೆರ್ಲಿಂಡ ಮಗಳಿಗೆ ಫ್ರೆಂಚ್ ಕೊಡಿಸುತ್ತೇನೆಂದು ಕೈಯ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದಳು. ಹುಡುಗಿಯ ಹಟಕ್ಕೆ ಅವತ್ತು ತಾಯಿ, ಮಗಳು, ಮುದುಕನ ಜೊತೆಗೆ ನಾನೂ ಹೋದೆ.

ಹೆಡ್‌ಮಾಸ್ತರರು ಹುಡುಗಿಯನ್ನೇ ಕೇಳಿದರು. “ಏನಮ್ಮಾ, ಯಾವುದು ಕಲೀತೀಯ?”

“ಫ್ರೆಂಚ್,” ಎಂದಳು ರೋಸ್ವಿತಾ, ಗಂಟೆ ಬಾರಿಸಿದ ಹಾಗೆ.

ಮುದುಕ ನಕ್ಕುಬಿಟ್ಟ. “ಹುಡುಗು ಬುದ್ಧಿ ಸಾರ್. ಲ್ಯಾಟಿನ್ ಹಾಕಿ.”

ಹೆಡ್‌ಮಾಸ್ತರರು ಗೆರ್ಲಿಂಡಳ ಮುಖ ನೋಡಿದರು. ಆಗಿನ ಕಾನೂನು ಹೇಗಿತ್ತೆಂದರೆ, ಮದುವೆಯಿಲ್ಲದೆ ಹೆತ್ತವಳಿಗೆ ಮಗುವಿನ ಮೇಲೆ ಹಕ್ಕಿಲ್ಲ. ಕೋರ್ಟು ನೇಮಿಸಿದ ಪೋಷಕ ಹೇಳಿದ್ದೇ ಕೊನೆ, ಆ ಪೋಷಕ ಮುದುಕನೇ. ಆದರೂ ಬಾಯಿಬಿಟ್ಟು ಒಂದು ಮಾತು ಆಡಬಾರದೆಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಗೆರ್ಲಿಂಡ ತನ್ನ ಕೈಗವುಸಿನ ಗುಂಡಿಯನ್ನು ತಿರುವುತ್ತ ಕೂತಳು.

ಹೊರಗೆ ಬಂದ ಮೇಲೆ ಮುದುಕ ಮೊಮ್ಮಗಳ ಗಲ್ಲ ಹಿಡಿದೆತ್ತಿದ. “ಲ್ಯಾಟಿನ್ ಕಲಿತೋರ್ನ ನೀನು ಯಾರಿಗೆ ಹುಟ್ಟಿದ್ದು ಅಂತ ಯಾರೂ ಕೇಳಲ್ಲ, ತಿಳೀತಾ? ಫ್ರೆಂಚ್ ಕಲ್ತು ಯಾರ ಹತ್ರ ಮಾತಾಡ್ತೀಯ? ಆ ಓಡಿಹೋದೋನ ಹತ್ರಾನಾ?”

“ಹೌದು,” ಎಂದಳು ಹುಡುಗಿ. ಬೀದಿಯಲ್ಲೇ ಕಪಾಳಕ್ಕೆ ಬಿತ್ತು.

ನಾನೇ ಕಲಿಸಬಹುದಿತ್ತಲ್ಲ ಎನ್ನುತ್ತೀರಿ. ನನಗೆ ಬರುತ್ತಿದ್ದದ್ದು ‘ಈರುಳ್ಳಿ ಹೆಚ್ಚು’, ‘ಬೇಗ ಬೇಗ’, ‘ಸಾರು ಉಪ್ಪಾಯಿತು’, ಜೊತೆಗೆ ಅಡುಗೆಯವನ ಹೊಲಸು ಬೈಗುಳ. ಆಡಿದ್ದು ಅರ್ಥವಾಗುತ್ತಿತ್ತು, ಕಲಿಸುವಷ್ಟು ಇರಲಿಲ್ಲ. ಹಾಗಿದ್ದೂ ಒಂದು ಸಂಜೆ ರೊಟ್ಟಿಗೆ ಏನನ್ನುತ್ತಾರೆ, ಹಾಲಿಗೆ ಏನನ್ನುತ್ತಾರೆ ಎಂದು ಹೇಳಿಕೊಡುತ್ತಿದ್ದೆ. ಮುದುಕ ಮೆಟ್ಟಿಲ ಕೆಳಗೆ ನಿಂತು ಕೇಳಿಸಿಕೊಂಡ.

“ಕೇಟೆ, ನನ್ನ ಮನೇಲಿ ಇನ್ನೊಂದು ಫ್ರೆಂಚ್ ಮಾತು ಕೇಳಿಸ್ತೋ, ನಿನ್ನ ಪಾತ್ರೆಪಡಗ ಬೀದೀಲಿರ್ತವೆ,” ಎಂದ. ಬಾಂಬಿಗೆ ನೆಲಸಮವಾಗಿದ್ದ ಅರ್ಧ ಊರು ಇನ್ನೂ ಎದ್ದು ನಿಂತಿರದ ಕಾಲ. ಬೇರೆ ಮನೆ ಯಾರಪ್ಪ ಕೊಡುತ್ತಿದ್ದ?

ಹುಡುಗಿ ಲ್ಯಾಟಿನ್ ಕಲಿತಳು. ಅವಳ ಮೇಷ್ಟರು ಹಳೇ ಕಾಲದವರು. ಅರ್ಥ ಆಮೇಲೆ, ಮೊದಲು ಕಂಠಪಾಠ. ಅವರು ಒಂದು ಸಲ ಓದುತ್ತಿದ್ದರು, ಮಕ್ಕಳು ಎದ್ದು ನಿಂತು ಹಾಗೆಯೇ ಒಪ್ಪಿಸಬೇಕು, ತಪ್ಪಿದರೆ ಬೆರಳ ಗಂಟಿಗೆ ರೂಲುದೊಣ್ಣೆ. ರೋಸ್ವಿತಾ ಬೆರಳು ಉಳಿಸಿಕೊಳ್ಳಲೆಂದೇ ಕಿವಿ ಬೆಳೆಸಿಕೊಂಡಳು. ಒಮ್ಮೆ ಕೇಳಿದರೆ ಸಾಕು, ಒಂದು ಪುಟವನ್ನೇ ಚಾಚೂ ತಪ್ಪದೆ ಒಪ್ಪಿಸಿಬಿಡುತ್ತಿದ್ದಳು. ಭಾನುವಾರ ಕಾಫಿಗೆ ಬಂದ ನೆಂಟರ ಮುಂದೆ ಮುದುಕ ಅವಳನ್ನು ಕುರ್ಚಿಯ ಪಕ್ಕ ನಿಲ್ಲಿಸಿ ಲ್ಯಾಟಿನ್ ಹೇಳಿಸುತ್ತಿದ್ದ. ಅವನಿಗೆ ಒಂದು ಪದವೂ ತಿಳಿಯದು. ಆದರೂ ಕೇಕು ಅಗಿಯುತ್ತ ಸರಿ, ಸರಿ ಎಂದು ತಲೆಯಾಡಿಸುತ್ತಿದ್ದ.

ಅವಳಿಗೆ ಹದಿನಾಲ್ಕಾದ ವರ್ಷ, ಆಲೂಗೆಡ್ಡೆ ಕೀಳುವ ರಜೆಯಲ್ಲಿ, ಅವನು ಬಂದ.

ಗೆರ್ಲಿಂಡ ಬೂಟಿನ ಕಾರ್ಖಾನೆಗೆ ಹೋಗಿದ್ದಳು, ನಾನು ದಂಡಿನ ಅಡುಗೆಮನೆಯಲ್ಲಿದ್ದೆ. ಬಾಗಿಲು ತೆರೆದದ್ದು ರೋಸ್ವಿತಾ. ಕುಂಟುತ್ತಿದ್ದ ಒಬ್ಬ ಗಂಡಸು, ಟೋಪಿ ಕೈಯಲ್ಲಿ. ಏನೋ ಹೇಳಿದ, ಅದರಲ್ಲಿ ಗೆರ್ಲಿಂಡ ಎನ್ನುವುದೊಂದೇ ಅವಳಿಗೆ ತಿಳಿದದ್ದು. ಅಷ್ಟರಲ್ಲಿ ಮುದುಕ ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಕೈಯಿಟ್ಟು ಮಾತಿಗಿಳಿದ. ಬಂದವನ ಮುಖ ಬಿಳಿಚಿಕೊಂಡಿತು. ಹುಡುಗಿಯ ಕಡೆ ತಿರುಗಿ ಏನೋ ಕೇಳಿದ. ಅವಳು ಬಾಯಿ ತೆರೆದಳು, ಬಾಯಲ್ಲಿ ಕೊಡಲು ಏನೂ ಇರಲಿಲ್ಲ. ಮುದುಕನೇ ಉತ್ತರ ಕೊಟ್ಟ. ಆ ಗಂಡಸು ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಕಣ್ಣೊರೆಸಿಕೊಂಡು ಹೊರಟುಹೋದ.

“ಯಾರಜ್ಜ ಅದು?”

“ರೂಮು ಬಾಡಿಗೆಗಿದೆಯಾ ಅಂತ ಕೇಳ್ಕೊಂಡು ಬಂದಿದ್ದ. ಇಲ್ಲ ಅಂದೆ. ಹೋಗು, ಒಲೆ ಮೇಲೆ ಏನಿದೆ ನೋಡು.”

ಮಧ್ಯಾಹ್ನ ನಾನು ಮನೆಗೆ ಬಂದಾಗ ಹುಡುಗಿ ನನ್ನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಆದದ್ದನ್ನೆಲ್ಲ ಹೇಳಿದಳು.

“ಅತ್ತೆ, ಸಾವು ಅನ್ನೋ ಥರದ ಒಂದು ಪದ ಬಂತು. ಲ್ಯಾಟಿನ್ನಲ್ಲೂ ಸುಮಾರು ಹಾಗೇ ಇದೆ. ರೂಮು ಬಾಡಿಗೆ ಮಾತಾಡೋಕೆ ಸಾವು ಯಾಕೆ ಬೇಕು?”

“ನೆನಪಿದೆಯಾ ಅವರು ಆಡಿದ್ದು?”

ಅವಳು ಎದ್ದು ನಿಂತಳು. ಶಾಲೆಯಲ್ಲಿ ನಿಲ್ಲುವಂತೆ ಕೈ ಪಕ್ಕಕ್ಕಿಟ್ಟುಕೊಂಡು, ಇಬ್ಬರು ಗಂಡಸರ ಮಾತನ್ನೂ ಉಸಿರು ಬಿಡದೆ ಒಪ್ಪಿಸಿದಳು. ಅದರಲ್ಲಿ ಮುದುಕನ ಮಾತು ಬಂತು. “ಎಲ್ ಎ ಮೋರ್ತ್. ಲಾಂಫಾಂ ಓಸಿ.” ಮುದುಕನ ಗೊಗ್ಗರು ದನಿ ಕೂಡ ಹಾಗೇ ಇತ್ತು.

“ಹೇಳು ಅತ್ತೆ.”

“ಬೇಡ ಕಣೇ ತಾಯಿ.”

“ಹೇಳು ಅಂದ್ರೆ ಹೇಳು!”

ಹೇಳಿದೆ. ಇನ್ನೇನು ಮಾಡಲಿ? ಆ ಗಂಡಸು ತನ್ನ ಹೆಸರು ಫಿರ್ಮೆನ್ ಎಂದಿದ್ದ. ಗೆರ್ಲಿಂಡ ಎಲ್ಲಿ, ಮಗು ಎಲ್ಲಿ, ವರ್ಷಗಟ್ಟಲೆ ಶತ್ರುಗಳ ಸೆರೆಯಲ್ಲಿದ್ದೆ, ಆಮೇಲೆ ಆಸ್ಪತ್ರೆಯಲ್ಲಿದ್ದೆ, ಅದಕ್ಕೇ ತಡವಾಯಿತು ಎಂದಿದ್ದ. ಅವಳು ಸತ್ತಳು, ಮಗುವೂ ಸತ್ತಿತು, ಹೆರಿಗೆಯಲ್ಲೇ, ಎಂದಿದ್ದ ಮುದುಕ. ಆಗ ಫಿರ್ಮೆನ್ ಹುಡುಗಿಯನ್ನೇ ನೋಡುತ್ತ, ನಿನ್ನ ಹೆಸರೇನು ಮಗಳೇ ಎಂದು ಕೇಳಿದ್ದ. ಇವಳು ಹಿಲ್ಡಾ, ನನ್ನ ಮಗನ ಮಗಳು ಎಂದಿದ್ದ ಮುದುಕ. ಮಗನೇ ಇಲ್ಲದ ಮುದುಕ!

“ನಾನು ಅಲ್ಲೇ ನಿಂತಿದ್ದೆ,” ಎಂದಳು ರೋಸ್ವಿತಾ. “ನಾನು ಸತ್ತೆ ಅಂತ ನನ್ನ ಮುಂದೇನೇ ಹೇಳಿದ್ರು. ನಾನು ಒಳ್ಳೆ ಹುಡುಗಿ ಥರ ನಗ್ತಾ ನಿಂತಿದ್ದೆ ಅತ್ತೆ.”

ಇಬ್ಬರೂ ಸ್ಟೇಷನ್ನಿಗೆ ಓಡಿದೆವು. ಗಡಿಯ ಕಡೆಯ ರೈಲು ಎಂದೋ ಹೊರಟುಹೋಗಿತ್ತು. ಆಮೇಲೆ ದಂಡಿನಲ್ಲಿ ನಾನು ವಿಚಾರಿಸದ ಅಧಿಕಾರಿ ಇಲ್ಲ. ಅವನು ಸೈನ್ಯ ಬಿಟ್ಟಾಗಿತ್ತು, ಎಲ್ಲಿದ್ದಾನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅವನೇ ಇನ್ನೊಮ್ಮೆ ಬರುತ್ತಾನೆಂಬ ಆಸೆಯೂ ಇಲ್ಲ. ಸತ್ತವರನ್ನು ಹುಡುಕಿಕೊಂಡು ಯಾರು ಬರುತ್ತಾರೆ?

ಆ ಸಂಜೆ ಗೆರ್ಲಿಂಡ ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಒಳಗಿನಿಂದ ಮುದುಕ, “ಊಟ ಎಲ್ಲೇ?” ಎಂದು ಕೂಗಿದ. ಅವಳು ಎದ್ದು ಹೋಗಿ ತಟ್ಟೆ ಇಟ್ಟಳು. ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಮುದುಕ ರಾಕ್ಷಸ, ಸರಿ. ಇವಳು ತಾಯಿ ಅಲ್ಲವೇ?

ಮಾರನೆಯ ವಸಂತದಲ್ಲಿ ಮುದುಕನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ನಾಲಿಗೆ ತೊದಲಿದರೂ ತಲೆ ಚುರುಕಾಗಿತ್ತು, ಕಿವಿಯೂ ಸರಿಯಾಗಿತ್ತು. ಗೆರ್ಲಿಂಡ ಕಾರ್ಖಾನೆಗೆ ಹೋದ ಮೇಲೆ ಅವನ ಪಾಲಿಗೆ ಉಳಿದದ್ದು ಮೊಮ್ಮಗಳೊಬ್ಬಳೇ. ಶಾಲೆ ಮುಗಿಸಿ ಬಂದು ಉಣಿಸುತ್ತಿದ್ದಳು, ಒರೆಸುತ್ತಿದ್ದಳು, ಮಗ್ಗುಲು ತಿರುಗಿಸುತ್ತಿದ್ದಳು. ಒಂದು ದಿನವೂ ಹಾಸಿಗೆ ಒದ್ದೆಯಿರಲಿಲ್ಲ. ಬೀದಿಯವರು, “ಆ ಫ್ರೆಂಚನ ಹುಡುಗಿ ದೇವತೆ ಕಣ್ರೀ,” ಎನ್ನತೊಡಗಿದರು.

ಆದರೆ ಅವನ ಹತ್ತಿರ ನಮ್ಮ ಭಾಷೆಯ ಒಂದು ಮಾತನ್ನೂ ಆಡುತ್ತಿರಲಿಲ್ಲ. ಏನು ಕೇಳಿದರೂ ಲ್ಯಾಟಿನ್‌ನಲ್ಲಿ ಒಂದೇ ಉತ್ತರ, ಅದೂ ಫ್ರೆಂಚ್ ಬಲ್ಲವನಿಗೆ ಸುಳಿವು ಸಿಗದಂಥ ಪದಗಳನ್ನೇ ಆರಿಸಿ. ಗಂಟೆ ಎಷ್ಟಾಯಿತು ಎಂದರೂ ಅದೇ, ಹೊರಗೆ ಬಿಸಿಲಿದೆಯಾ ಎಂದರೂ ಅದೇ, ಯಾಕೆ ಹೀಗೆ ಮಾಡುತ್ತೀ ಎಂದು ಗೋಗರೆದರೂ ಅದೇ. ಮೊದಮೊದಲು ಮುದುಕ ಹೆಮ್ಮೆಪಟ್ಟ. “ನೋಡಿದ್ಯಾ ಕೇಟೆ, ಲ್ಯಾಟಿನ್ನು! ನಾನು ಕೊಡಿಸಿದ್ದು,” ಎಂದ. ವಾರಗಳು ಕಳೆದಂತೆ ಹೆಮ್ಮೆ ಹೋಗಿ ಹೆದರಿಕೆ ಹತ್ತಿತು. ಅವನ ಕಣ್ಣು ಸದಾ ಅವಳ ಬಾಯಿಯ ಮೇಲೇ ಇರುತ್ತಿತ್ತು.

ಪ್ರಾರ್ಥನೆ ಹೇಳಲು ಬಂದ ಪಾದ್ರಿ ಅದನ್ನು ಕೇಳಿಸಿಕೊಂಡರು. ಕಾಫಿ ಮುಟ್ಟದೆ ಎದ್ದರು. ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

“ಆ ಹುಡುಗಿ ಹೇಳ್ತಿರೋದು ಏನು ಗೊತ್ತಾ ಕೇಟೆ? ಅವಳು ಸತ್ತಳು, ಮಗುವೂ ಸತ್ತಿತು. ಅದೊಂದೇ. ಏನಮ್ಮಾ ಇದರರ್ಥ?”

“ಅವರನ್ನೇ ಕೇಳಿ ಸ್ವಾಮಿ. ಅವರದ್ದೇ ಮಾತು ಅದು,” ಎಂದೆ. ಪಾದ್ರಿ ಕೇಳಲಿಲ್ಲ, ಮತ್ತೆ ಈ ಕಡೆ ಬರಲೂ ಇಲ್ಲ.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ದಂಡಿನ ಅಡುಗೆಮನೆಯಿಂದ ಸ್ವಲ್ಪ ಸಾರು ತಂದಿದ್ದೆ. ರೋಸ್ವಿತಾ ಅವನ ಕೊರಳಿಗೆ ಬಟ್ಟೆ ಕಟ್ಟಿ ಉಣಿಸುತ್ತಿದ್ದಳು.

“ರೋಸೀ,” ಎಂದ ಮುದುಕ. “ನಾನು ಸಾಯ್ತಿದೀನಿ ಕಣೇ. ಒಂದೇ ಒಂದು ಮಾತಾಡೇ. ಬೈಯ್ಯಾದ್ರೂ ಬೈಯ್ಯೇ.”

ಅವಳು ಚಮಚ ತುಂಬಿಕೊಳ್ಳುತ್ತ ಅದೇ ಮಾತನ್ನು ಹೇಳಿದಳು. ಮೆಲ್ಲಗೆ, ಪಾಠ ಒಪ್ಪಿಸುವಂತೆ.

ಮುದುಕ ಎಡಗೈಯಿಂದ ನನ್ನ ಏಪ್ರನ್ನಿನ ತುದಿ ಹಿಡಿದುಕೊಂಡ. ಸೊಟ್ಟ ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು. “ಕೇಟೆ, ನಿನ್ನ ಕಾಲಿಗೆ ಬೀಳ್ತೀನಿ. ನಿಂಗೊತ್ತಿದೆ. ಏನಂತಾಳೆ ಇವಳು? ಹೇಳು, ಏನಂತಾಳೆ?”

ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

“ರೂಮು ಬಾಡಿಗೆಗಿದೆಯಾ ಅಂತ ಕೇಳ್ತಿದಾಳೆ, ಸ್ಟೇಷನ್ ಮಾಸ್ತರ್ರೇ.”

ಮುದುಕ ನನ್ನನ್ನೇ ನೋಡಿದ, ಆಮೇಲೆ ಅವಳನ್ನು ನೋಡಿದ. ಅವನಿಗೆ ತಿಳಿಯಿತು. ರೋಸ್ವಿತಾ ಅವನ ಗದ್ದ ಒರೆಸಿ, ಮುಂದಿನ ಚಮಚವನ್ನು ಬಾಯಿಯ ಹತ್ತಿರ ಹಿಡಿದಳು.